ಸಮುದ್ರಕ್ಕೆ ಉಪ್ಪು ಸಾಲದೆನ್ನುವ ನೋಣಯ್ಯ

ಬೆಳಗ್ಗೆ ಐದೂಮುಕ್ಕಾಲು. ಇದಿನಬ್ಬ ಬ್ಯಾರಿಯ ದೋಣಿ ಮಂಗಳೂರು ಬಂದರಿನ ಧಕ್ಕೆ ಬಿಟ್ಟು ಅಳಿವೆ ಬಾಗಿಲು ದಾಟಿದೆ. ದೋಣಿಯಲ್ಲಿ ಬಲೆಯಿಲ್ಲ, ಗಾಳವಿಲ್ಲ. ಇರುವುದು ನಾಲ್ಕು ಮರದ ಪೀಪಾಯಿ, ಒಂದು ತೆಂಗಿನ ಗೆರಟೆಯ ಸೌಟು ಮತ್ತು ತಲೆಗೆ ಮುಟ್ಟಾಳೆ ಇಟ್ಟುಕೊಂಡ ಐವತ್ತೆರಡರ ನೋಣಯ್ಯ. ಅವರು ಬಗ್ಗಿ ಸಮುದ್ರವನ್ನು ಒಂದು ಸೌಟು ಮೊಗೆಯುತ್ತಾರೆ. ಒಂದು ಗುಟುಕು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಊಟದ ಮನೆಯ ಅಡುಗೆಭಟ್ಟರು ಸಾರಿನ ಹದ ನೋಡುವ ಹಾಗೆ ನಾಲಿಗೆ ಹೊರಳಿಸಿ, ಥೂ ಎಂದು ಉಗುಳುತ್ತಾರೆ.

"ಉಪ್ಪು ಸಾಲದು ಮಾರಾಯ್ರೆ. ಇನ್ನೂ ಸ್ವಲ್ಪ ಮುಂದೆ ಹೋಗುವ."

ಇದಿನಬ್ಬ ಹುಟ್ಟು ಹಾಕುತ್ತಾರೆ. ಮೂವತ್ತು ವರ್ಷದಿಂದ ಇದೇ ನೀರಿನಲ್ಲಿರುವ ಅವರಿಗೆ ಇದು ಮೊದಮೊದಲು ಅವಮಾನವೆನಿಸಿತ್ತಂತೆ. "ಮೀನು ಸಾಲದು ಅಂತ ಹೇಳುವವರನ್ನು ನೋಡಿದ್ದೇನೆ. ಸಮುದ್ರಕ್ಕೇ ಉಪ್ಪು ಸಾಲದು ಅಂತ ಹೇಳಿದ ಮನುಷ್ಯ ಇವರೊಬ್ಬರೇ," ಎನ್ನುತ್ತಾರೆ. ಈಗ ರೂಢಿಯಾಗಿದೆ. ಎರಡನೆಯ ಗುಟುಕಿಗೂ ನೋಣಯ್ಯನ ತಲೆ ಅಡ್ಡಡ್ಡ ಆಡುತ್ತದೆ. ನೇತ್ರಾವತಿ ಮತ್ತು ಗುರುಪುರ ಹೊಳೆಗಳ ಸಿಹಿನೀರು ಅಳಿವೆಯಿಂದಾಚೆಗೂ ಸಾಕಷ್ಟು ದೂರ ಹೋಗಿ ಬೆರೆಯುತ್ತದೆ, ಅದನ್ನು ದಾಟದೆ ಒಳ್ಳೆಯ ನೀರು ಸಿಗದು. ಮೂರನೆಯ ಗುಟುಕಿಗೆ ಅವರ ಹುಬ್ಬು ಮೇಲೇರುತ್ತದೆ. "ಹಾಂ, ಇದು ಸಮುದ್ರ," ಎಂದು ಅಪ್ಪಣೆ ಕೊಡುತ್ತಾರೆ. ಪೀಪಾಯಿಗಳು ತುಂಬತೊಡಗುತ್ತವೆ.

ಮಳೆಗಾಲದ ಮೂರು ತಿಂಗಳು ಬಿಟ್ಟರೆ, ಏಳು ವರ್ಷದಿಂದ ಪ್ರತಿ ಮಂಗಳವಾರ ಈ ರುಚಿ ನೋಡುವ ಕೆಲಸ ತಪ್ಪಿಲ್ಲ. ಒಂದು ಪೀಪಾಯಿಗೆ ಐದು ಕೊಡ, ನಾಲ್ಕಕ್ಕೆ ಇಪ್ಪತ್ತು. ಧಕ್ಕೆಯಿಂದ ಎತ್ತಿನ ಗಾಡಿಯಲ್ಲಿ ಕೊಡಿಯಾಲ್‌ಬೈಲಿಗೆ ಸಾಗಬೇಕು. ದಾರಿಯಲ್ಲಿ ಹೊಸಬರು ಕೇಳುತ್ತಾರೆ, "ಪೀಪಾಯಿಯಲ್ಲಿ ಎಂತ ಉಂಟು?" ನೋಣಯ್ಯನದು ಒಂದೇ ಉತ್ತರ: "ಸಮುದ್ರ." ಹಳಬರು ಕೇಳುವುದನ್ನು ಎಂದೋ ಬಿಟ್ಟಿದ್ದಾರೆ.

ಒಮ್ಮೆ ಒಬ್ಬ ಪೊಲೀಸಿನವ ಈ ಉತ್ತರವನ್ನು ನಂಬಲಿಲ್ಲ. ಅದು ಪಾನನಿರೋಧದ ಕಾಲ. ಘಟ್ಟದ ಮೇಲಿನಿಂದ ಹೊಸತಾಗಿ ವರ್ಗವಾಗಿ ಬಂದವನಿಗೆ, ಮುಚ್ಚಳ ಬಡಿದ ನಾಲ್ಕು ಪೀಪಾಯಿ ಬೆಳಗಿನ ಹೊತ್ತು ಬಂದರಿನಿಂದ ದೊಡ್ಡವರ ಮನೆಗಳ ಕಡೆ ಹೋಗುವುದನ್ನು ಕಂಡು ಮೈಯೆಲ್ಲ ಕಣ್ಣಾಯಿತು. ಉಪ್ಪುನೀರು ಸ್ವಾಮಿ ಎಂದರೆ, "ಉಪ್ಪುನೀರನ್ನು ಗಾಡಿ ಕಟ್ಟಿ ಸಾಗಿಸೋನು ಯಾವ ಹುಚ್ಚ?" ಎಂದು ಗದರಿಸಿ, ಮುಚ್ಚಳ ತೆಗೆಸಿ, ಸೌಟು ತುಂಬ ಮೊಗೆದು, ಸಾಕ್ಷಿ ಗಟ್ಟಿಯಾಗಿರಲೆಂದು ಗಟಗಟ ಕುಡಿದೇಬಿಟ್ಟ.

"ಅವರ ಮುಖ ನೋಡಲಿಕ್ಕೆ ಆಗಲಿಲ್ಲ, ಪಾಪ," ನೋಣಯ್ಯ ಈಗಲೂ ಮರುಗುತ್ತಾರೆ. "ಬಾಯಿ ಮುಕ್ಕಳಿಸಲಿಕ್ಕೆ ಸಿಹಿನೀರು ಕೊಡು ಅಂತ ಕೇಳಿದರು. ನನ್ನ ಹತ್ತಿರ ಎಲ್ಲಿ ಉಂಟು? ಇದ್ದದ್ದೆಲ್ಲ ಅದೇ."

ಗಾಡಿ ನಿಲ್ಲುವುದು ನೊರ್ಬರ್ಟ್ ಸಿಕ್ವೇರಾ ಅವರ ಮನೆಯ ಮುಂದೆ. ಚಾವಡಿಯ ಪಡುಗೋಡೆಗೆ ತಾಗಿ, ಕಿರಾಲುಬೋಗಿ ಮರದ ದಪ್ಪ ಪೀಠದ ಮೇಲೆ, ಎಂಟಡಿ ಉದ್ದದ ಗಾಜಿನ ತೊಟ್ಟಿಯಿದೆ. ನೂರು ಕೊಡ ನೀರು ಹಿಡಿಯುತ್ತದೆ. ಬೆಳ್ಳಿ ನಾಣ್ಯದಂಥ ಚಪ್ಪಟೆ ಮೀನುಗಳು, ಹಳದಿ ಕಪ್ಪು ಪಟ್ಟೆಯವು, ಹೆರವರ ಚಿಪ್ಪಿನೊಳಗೆ ಸಂಸಾರ ಹೂಡಿದ ಏಡಿಗಳು, ಸಿಟ್ಟು ಬಂದರೆ ಚೆಂಡಿನಂತೆ ಉಬ್ಬಿಕೊಳ್ಳುವ ಒಂದು ಹಿರಿಯ ಮೀನು. ಎಲ್ಲರನ್ನೂ ಅನುಮಾನದಿಂದಲೇ ನೋಡುವ ಅದಕ್ಕೆ ಮನೆಯವರು 'ಜಡ್ಜ್ ಸಾಹೇಬ್ರು' ಎಂದು ಹೆಸರಿಟ್ಟಿದ್ದಾರೆ. ನೋಡಬಂದವರು ಇಷ್ಟನ್ನು ನೋಡಿ ಬೆರಗಾಗಿ, ಕಾಫಿ ಕುಡಿದು ಹೋಗುತ್ತಾರೆ. ತೊಟ್ಟಿಯ ಬದಿಗೆ ಒಂದು ಹೂವಿನ ಪರದೆ ಇದೆ. ಅದರ ಹಿಂದೆ ಯಾರೂ ಇಣುಕುವುದಿಲ್ಲ. ನೋಣಯ್ಯನ ಏಳು ವರ್ಷದ ಬಾಳು ಇರುವುದು ಅಲ್ಲಿ.

ಅಲ್ಲಿರುವುದು ಸಾಲಾಗಿ ಇಟ್ಟ ನಾಲ್ಕು ಉಪ್ಪಿನಕಾಯಿ ಭರಣಿ. ತೊಟ್ಟಿಯ ಕೊಳೆನೀರು ಬಾಗಿದ ಗಾಜಿನ ಕೊಳವೆಯಲ್ಲಿ ಮೊದಲ ಭರಣಿಗೆ ಇಳಿಯುತ್ತದೆ. ಅಲ್ಲಿ ದಪ್ಪ ಮರಳು. ಎರಡನೆಯದರಲ್ಲಿ ಸಣ್ಣ ಮರಳು. ಮೂರನೆಯದರಲ್ಲಿ ಗೆರಟೆ ಸುಟ್ಟ ಮಸಿ ಮತ್ತು ಕುಟ್ಟಿದ ಮರುವಾಯಿ ಚಿಪ್ಪು. ನಾಲ್ಕನೆಯದರಲ್ಲಿ ಏನೂ ಇಲ್ಲ, ತಿಳಿನೀರು ಮಾತ್ರ. ಆ ತಿಳಿನೀರು ಗಾಳಿಯ ಗುಳ್ಳೆಗಳ ಜೊತೆ ಸಣ್ಣ ಕೊಳವೆಯಲ್ಲಿ ಮೇಲೇರಿ ಮತ್ತೆ ತೊಟ್ಟಿಗೆ ಬೀಳುತ್ತದೆ. ಇಡೀ ನೂರು ಕೊಡ ನೀರು ದಿನಕ್ಕೆ ಐದು ಸಲ ಈ ಯಾತ್ರೆ ಮುಗಿಸುತ್ತದೆ. ಈ ಲೆಕ್ಕ ಹಾಕಿದ್ದು ಮನೆಯ ಮಗಳು ಹೆಲನ್, ಒಂದು ಚೊಂಬು ಹಿಡಿದುಕೊಂಡು. ನೋಣಯ್ಯನಿಗೆ ಅಕ್ಷರ ಬರುವುದಿಲ್ಲ. ಅವರು ಬಂದವರೇ ಗೋಡೆ ಗಡಿಯಾರದ ಮುಳ್ಳು ನೋಡುತ್ತ ಗುಳ್ಳೆ ಎಣಿಸುತ್ತಾರೆ. ನಿಮಿಷಕ್ಕೆ ನೂರಿಪ್ಪತ್ತು ಇದ್ದರೆ ಎಲ್ಲ ಕ್ಷೇಮ. ನೂರಕ್ಕೆ ಇಳಿದರೆ ಆವತ್ತು ಅವರಿಗೆ ಚಹಾ ಇಳಿಯುವುದಿಲ್ಲ.

ನೋಣಯ್ಯ ಹುಟ್ಟಿದ್ದು ಬಾವಿ ತೋಡುವವರ ಮನೆಯಲ್ಲಿ. ಹತ್ತನೆಯ ವಯಸ್ಸಿಗೆ ತಂದೆ ಸೊಂಟಕ್ಕೆ ಹಗ್ಗ ಕಟ್ಟಿ ಕೆಳಗಿಳಿಸಿದರು. ಅಲ್ಲಿಂದ ಮೂವತ್ತೆರಡು ವರ್ಷ ಮಂಗಳೂರಿನ ಬಾವಿಗಳ ತಳವೇ ಅವರ ಊರು. ಯಾರ ಮನೆಯ ಬಾವಿಯಲ್ಲಿ ಎಷ್ಟು ಕೊಡಪಾನ ಬಿದ್ದಿದೆ, ಯಾರ ಮನೆಯ ಸೊಸೆ ಯಾವ ಸಿಟ್ಟಿನಲ್ಲಿ ಯಾವ ಬೀಗದ ಕೈ ಎಸೆದಿದ್ದಾಳೆ, ಎಲ್ಲ ಅವರಿಗೆ ಗೊತ್ತಿತ್ತು, ಬಾಯಿ ಬಿಡುತ್ತಿರಲಿಲ್ಲ. ಕೆಸರು ನೀರು ಹೇಗೆ ತಿಳಿಯಾಗುತ್ತದೆ, ಯಾವ ಮರಳು ನೀರನ್ನು ಸೋಸುತ್ತದೆ, ಯಾವುದು ಬರೀ ಕುಳಿತುಕೊಳ್ಳುತ್ತದೆ, ಇದೆಲ್ಲ ಅವರ ಬೆರಳಿಗೆ ಗೊತ್ತಿತ್ತು.

ಸಾವಿರದ ಒಂಬೈನೂರ ಐವತ್ತೆಂಟರ ಬೇಸಗೆಯಲ್ಲಿ ಹಗ್ಗ ತುಂಡಾಯಿತು. ಮೂವತ್ತಡಿ ಕೆಳಗೆ ಬಿದ್ದರು. ಬಲಗಾಲು ಕೂಡಿಕೊಂಡಿತು, ಆದರೆ ಎಡಗಾಲಿಗಿಂತ ಒಂದಂಗುಲ ಗಿಡ್ಡವಾಗಿ. "ಬಾವಿಗೆ ಇಳಿಯದ ಬಾವಿ ಕೆಲಸದವನನ್ನು ಯಾರು ಕರೀತಾರೆ? ಮೇಲೆ ಕೂತು ಬುದ್ಧಿ ಹೇಳುವವರು ಎಲ್ಲ ಮನೆಯಲ್ಲಿಯೂ ಇರ್ತಾರೆ," ಎನ್ನುತ್ತಾರೆ. ಮೂರು ವರ್ಷ ಬೋಳೂರಿನ ಅವರ ಮನೆ ನಡೆದದ್ದು ಹೆಂಡತಿ ಮುದ್ದು ಕಟ್ಟಿದ ಬೀಡಿಯಿಂದ. ನೋಣಯ್ಯ ಎಲೆ ಕತ್ತರಿಸಿ ಕೊಡುತ್ತಿದ್ದರು. "ಅದೂ ಸೊಟ್ಟ," ಎಂದು ಮುದ್ದು ಒಳಗಿನಿಂದ ಸೇರಿಸುತ್ತಾರೆ.

ನೊರ್ಬರ್ಟ್ ಅವರದು ಬೇರೆಯೇ ಕತೆ. ಇಪ್ಪತ್ತೆರಡು ವರ್ಷ ಹಡಗುಗಳಲ್ಲಿ ಮುಖ್ಯ ಅಡುಗೆಯವರಾಗಿದ್ದು, ಚಿಕ್ಕಪ್ಪನ ಮನೆ ಪಾಲಿಗೆ ಬಂದ ಮೇಲೆ ಊರಿಗೆ ಮರಳಿದವರು. ಯಾವುದೋ ದೂರದ ಬಂದರಿನಲ್ಲಿ ಗಾಜಿನ ಹಿಂದೆ ಮೀನು ಈಜುವುದನ್ನು ಕಂಡಿದ್ದರು. ಮೀನನ್ನು ಜೀವಂತವಾಗಿ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲಂತೆ. ಅಂದಿನಿಂದ ಮನೆಯಲ್ಲೊಂದು ಸಮುದ್ರ ಬೇಕೆಂದು ಹಟ ಹಿಡಿದರು. "ಪಶ್ಚಾತ್ತಾಪ, ಬೇರೆಂತ ಇಲ್ಲ," ಎನ್ನುತ್ತಾರೆ ಅವರ ಹೆಂಡತಿ ಅಪೊಲೋನಿಯಾ. "ಇಪ್ಪತ್ತೆರಡು ವರ್ಷ ಹುರಿದದ್ದಲ್ವಾ."

ಅರವತ್ತೊಂದರಲ್ಲಿ ತೊಟ್ಟಿ ಬಂತು. ಅದರ ಜೊತೆಗೆ ನೀರು ಶುದ್ಧ ಮಾಡುವ ಏರ್ಪಾಡು ಮಾಡಲು ಬೊಂಬಾಯಿಯಿಂದ ಟೈ ಕಟ್ಟಿದ ಒಬ್ಬ ತಜ್ಞರೂ ಬಂದರು. ತಾಮ್ರದ ಕೊಳವೆ, ಹಿತ್ತಾಳೆಯ ನಲ್ಲಿ, ಹಿತ್ತಾಳೆಯದೇ ಒಂದು ಸೋಸುವ ಪೆಟ್ಟಿಗೆ. ಎಲ್ಲ ಉಜ್ಜಿ ಫಳಫಳ ಹೊಳೆಯುತ್ತಿದ್ದವು. ಸೋಮವಾರ ಇಪ್ಪತ್ತೊಂದು ಮೀನು ಬಿಟ್ಟರು. ಗುರುವಾರಕ್ಕೆ ಇಪ್ಪತ್ತೊಂದೂ ಹೊಟ್ಟೆ ಮೇಲಾಗಿ ತೇಲಿದವು. ತಜ್ಞರು ಅಷ್ಟರಲ್ಲಿ ರೈಲು ಹತ್ತಿದ್ದರು. ಮತ್ತೆ ಮೀನು ತಂದರು, ಮತ್ತೆ ಅದೇ. ವಾಸನೆ ಬೀದಿಗೆ ಹಬ್ಬಿತು. ಅದಕ್ಕಿಂತ ದೊಡ್ಡ ಸಂಕಟವೆಂದರೆ, ಮನೆಯವರು ಸಂಜೆ ಮೊಣಕಾಲೂರಿ ಜಪಸರ ಮಾಡುವುದು ಅದೇ ಚಾವಡಿಯಲ್ಲಿ. ದೇವರ ಆಲ್ತಾರು ಮೂಡುಗೋಡೆಯಲ್ಲಿ, ತೊಟ್ಟಿ ಪಡುಗೋಡೆಯಲ್ಲಿ. ಜಪ ಆ ಕಡೆಗೆ, ಎಲ್ಲರ ಕತ್ತು ಈ ಕಡೆಗೆ. ಇನ್ನೊಂದು ಸಲ ಮೀನು ಸತ್ತರೆ ತೊಟ್ಟಿಯನ್ನು ಅಂಗಳಕ್ಕೆ ಎಳೆಸಿ ಅದರಲ್ಲಿ ಬಟ್ಟೆ ಒಗೆಸುತ್ತೇನೆಂದು ಅಪೊಲೋನಿಯಾ ಶಪಥ ಮಾಡಿದರು.

ಆ ವಾರವೇ ನೋಣಯ್ಯ ಆ ಮನೆಗೆ ಬಾವಿಯ ರಾಟೆ ಸರಿಮಾಡಲು ಹೋಗಿದ್ದರು. ಕೆಲಸದ ತೆರೆಸಾ ಬಕೆಟಿನಲ್ಲಿ ಸತ್ತ ಮೀನು ಹೊತ್ತು ತರುವುದನ್ನು ಕಂಡು, ಕುಂಟುತ್ತ ಬಂದು ಕಿಟಕಿಯಿಂದ ಇಣುಕಿದರು. ಹೊಳೆಯುತ್ತಿದ್ದ ನಲ್ಲಿಯ ಬುಡದಲ್ಲಿ ಹಸಿರು ಕಟ್ಟಿತ್ತು. ಉಗುರಿನಿಂದ ಕೆರೆದು ಮೂಸಿದರು.

"ಪೊರ್ಬುಳೆ, ಇದು ಕಿಲುಬು," ಎಂದರು, ಕ್ರೈಸ್ತ ಯಜಮಾನರನ್ನು ಊರವರು ಕರೆಯುವ ಹಾಗೆ ಕರೆದು. "ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಇಟ್ಟು ಉಂಡರೆ ನಾವೇ ವಾಂತಿ ಮಾಡ್ತೇವೆ. ಉಪ್ಪುನೀರೂ ಹಾಗೆಯೇ ತಿಂತದೆ ಇದನ್ನು. ಮೀನು ಎಂತ ಮಾಡ್ಬೇಕು? ವಾಂತಿ ಮಾಡಲಿಕ್ಕೂ ಅದೇ ನೀರು, ಕುಡಿಯಲಿಕ್ಕೂ ಅದೇ ನೀರು."

ನೊರ್ಬರ್ಟ್ ಹಣೆ ಬಡಿದುಕೊಂಡರು. ಅರುವತ್ತು ಮಂದಿಯ ಹಡಗಿಗೆ ಬೇಯಿಸಿ ಹಾಕಿದ, ಪಾತ್ರೆಯ ಕಲಾಯಿ ಹೋದರೆ ಇಡೀ ಹಡಗನ್ನು ಬೈಯುತ್ತಿದ್ದ ತನಗೆ ಇದು ಹೊಳೆಯಲಿಲ್ಲವಲ್ಲ! ಹಾಗಾದರೆ ಲೋಹವೇ ಇಲ್ಲದೆ ನೀರು ಸೋಸಲು ಸಾಧ್ಯವೇ ಎಂದು ಕೇಳಿದರು. "ಬಾವಿಗೆ ಯಾರು ಹಿತ್ತಾಳೆ ಹಾಕಿದ್ದಾರೆ?" ಎಂದರು ನೋಣಯ್ಯ. ಆ ಒಂದು ಮಾತಿಗೆ ಕೆಲಸ ಸಿಕ್ಕಿತು. ಮನೆಗೆ ಹೋಗಿ ಹೇಳಿದಾಗ ಮುದ್ದು ಬೀಡಿ ಕಟ್ಟುವುದನ್ನು ನಿಲ್ಲಿಸಿ ಗಂಡನ ಮುಖವನ್ನೇ ನೋಡಿದರಂತೆ. "ಬಿದ್ದದ್ದು ಕಾಲು ಅಲ್ವಾ? ತಲೆಗೂ ತಾಗಿದೆಯಾ? ಮೀನಿಗೆ ನೀರು ತೊಳೆದು ಕೊಡುವ ಕೆಲಸ ಲೋಕದಲ್ಲಿ ಎಲ್ಲಿಯಾದರೂ ಉಂಟಾ?"

ಇಲ್ಲದ ಕೆಲಸವನ್ನು ಕಲಿಸುವ ಗುರುವೂ ಇರಲಿಲ್ಲ. ಮೊದಲ ಭರಣಿಗೆ ನೋಣಯ್ಯ ತೆಂಗಿನ ನಾರು ತುಂಬಿದರು, ಹಳೆಯ ಬಾವಿಗಳ ಒರತೆಗೆ ತುಂಬಿದ ಹಾಗೆ. ಎರಡು ದಿನದಲ್ಲಿ ತೊಟ್ಟಿಯ ನೀರು ಒಗರು ಬಿಟ್ಟು ಕಡುಕೆಂಪಾಯಿತು. ಮನೆಗೆ ಬಂದ ನೆಂಟರೊಬ್ಬರು ಬಾಗಿಲು ಮುಚ್ಚಿಕೊಂಡು ಬಂದು, ನೊರ್ಬರ್ಟರ ಕಿವಿಯಲ್ಲಿ, "ಈ ಕಾಲದಲ್ಲಿ ಇಷ್ಟು ಬ್ರಾಂಡಿ ಎಲ್ಲಿ ಸಿಕ್ಕಿತು ಮಾರಾಯ?" ಎಂದು ಕೇಳಿದರು. ನಾರು ಹೊರಗೆ ಹೋಯಿತು, ಮರಳು ಒಳಗೆ ಬಂತು.

ನೀರು ಭರಣಿಗೆ ಇಳಿಯುವುದೇನೋ ಸುಲಭವಾಯಿತು. ಪೀಪಾಯಿಯಿಂದ ಚಿಮಿಣಿ ಎಣ್ಣೆ ಎಳೆಯುವ ಹಾಗೆ ಬಾಗಿದ ಕೊಳವೆ ಇಟ್ಟು ಬಾಯಿಂದ ಎಳೆದು ಬಿಟ್ಟರೆ ಸಾಕು. ಆದರೆ ಸೋಸಿದ ನೀರನ್ನು ಮತ್ತೆ ತೊಟ್ಟಿಗೆ ಏರಿಸುವುದು ಹೇಗೆ? ಪಂಪು ಎಂದರೆ ಮತ್ತೆ ಹಿತ್ತಾಳೆ. ಒಂದು ವಾರ ತೆರೆಸಾ ಮತ್ತು ನೋಣಯ್ಯ ಸರದಿಯಲ್ಲಿ ಚೊಂಬಿನಿಂದ ಮೊಗೆದು ಹೊಯ್ದರು. ಎಂಟನೆಯ ದಿನ ತೆರೆಸಾ ಚೊಂಬು ನೆಲಕ್ಕಿಟ್ಟು, ತಾನು ತಾಯಿಯ ಮನೆಗೆ ಹೋಗುವುದಾಗಿ ಹೇಳಿದಳು.

ಆವತ್ತು ನೋಣಯ್ಯ ಬಂದರಿನ ಅಂಗಡಿಯ ಬೆಂಚಿನಲ್ಲಿ ಕುಳಿತು ಗೋಲಿ ಸೋಡ ಒಡೆಸಿದರು. ನೊರೆ ಉಕ್ಕಿ ಸೋಡವೂ ಬಾಟಲಿಯ ಕತ್ತು ದಾಟಿ ಕೈಮೇಲೆ ಹರಿಯಿತು. ಅಂಗಡಿಯವ ಬಟ್ಟೆ ಕೊಡಲು ಬಂದರೆ ಇವರು ಇನ್ನೊಂದು ಒಡೆ ಎಂದರು. ಅದೂ ಕೈಮೇಲೆ. ಮತ್ತೊಂದು. ಮೂರು ಸೋಡ ಕುಡಿಯದೆ ಮೊಣಕೈಗೆ ಸುರಿದುಕೊಂಡು ಎದ್ದುಹೋದ ಮನುಷ್ಯನನ್ನು ಅಂಗಡಿಯವ ಇವತ್ತಿಗೂ ಮರೆತಿಲ್ಲ.

"ಗುಳ್ಳೆ ಮೇಲೆ ಹೋಗುವಾಗ ಸುಮ್ಮನೆ ಹೋಗುವುದಿಲ್ಲ," ನೋಣಯ್ಯ ವಿವರಿಸುತ್ತಾರೆ. "ನೀರನ್ನೂ ಹೆಗಲ ಮೇಲೆ ಕೂರಿಸಿಕೊಂಡು ಹೋಗ್ತದೆ. ಕೊಳವೆ ಸಪೂರ ಇರ್ಬೇಕು ಅಷ್ಟೆ. ಅಗಲ ಆದರೆ ಗುಳ್ಳೆ ಒಂದೇ ಓಡಿಹೋಗ್ತದೆ, ನೀರನ್ನು ಬಿಟ್ಟು."

ನೊರ್ಬರ್ಟ್ ಬೊಂಬಾಯಿಯಿಂದ ಗಾಳಿ ಊದುವ ಸಣ್ಣ ವಿದ್ಯುತ್ ಯಂತ್ರ ತರಿಸಿದರು. ಅದು ಹೊರಗೆ ಕುಳಿತು ರಬ್ಬರು ನಳಿಗೆಯಲ್ಲಿ ಗಾಳಿ ಊದಿದರೆ ಸಾಕು, ನೀರಿಗೆ ಲೋಹ ತಾಗುವ ಮಾತಿಲ್ಲ. ನೀರು ಏರಿತು. ಆದರೂ ಮೊದಲು ಬಿಟ್ಟ ಐದು ಮೀನು ಮಂಕಾದವು. ನೋಣಯ್ಯ ಯೋಚಿಸಿದರು. ಹೊಸ ಬಾವಿಯ ನೀರನ್ನು ಯಾರೂ ತಕ್ಷಣ ಕುಡಿಯುವುದಿಲ್ಲ, ಮರಳು ಹಳತಾಗಬೇಕು. ಅಳಿವೆಯ ಬಂಡೆಗಳ ಸಂದಿನಿಂದ ನಾಲ್ಕು ಮುಷ್ಟಿ ಹಳೆಯ ಮರಳು ತಂದು ಹೊಸ ಮರಳಿಗೆ ಬೆರೆಸಿದರು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ನಲವತ್ತು ದಿನ ಏನನ್ನೂ ಮುಟ್ಟಬೇಡಿ ಎಂದು ಕೈಮುಗಿದರು. ಮೂವತ್ತೆಂಟನೆಯ ದಿನ ತೆರೆಸಾ ಒಳ್ಳೆಯ ಮನಸ್ಸಿನಿಂದಲೇ ಭರಣಿಗಳ ಮರಳನ್ನೆಲ್ಲ ಕುದಿನೀರು, ಸಾಬೂನು ಹಾಕಿ ತಿಕ್ಕಿ ಒಣಗಿಸಿದ್ದಳು. ನೋಣಯ್ಯ ಅಂಗಳದಲ್ಲಿ ಬೆಳ್ಳಗೆ ಹರಡಿದ್ದ ಮರಳನ್ನು ನೋಡಿ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಬೈಯಲಿಲ್ಲ. ಮತ್ತೆ ನಲವತ್ತು ದಿನ ಎಣಿಸತೊಡಗಿದರು. ಡಿಸೆಂಬರಿನಲ್ಲಿ ಹದಿನಾಲ್ಕು ಮೀನು ತೊಟ್ಟಿ ಸೇರಿದವು. ಕ್ರಿಸ್ಮಸ್ ಕಳೆಯಿತು, ಹದಿನಾಲ್ಕೂ ಇದ್ದವು. ಈಸ್ಟರ್ ಕಳೆಯಿತು, ಹದಿನಾಲ್ಕೂ ಇದ್ದವು.

ನಿಜವಾದ ಪರೀಕ್ಷೆ ಬಂದದ್ದು ಅರವತ್ತೆರಡರ ಮಳೆಗಾಲದಲ್ಲಿ. ಜೂನ್ ಹತ್ತಿರ ಬಂದರೆ ದೋಣಿ ಸಮುದ್ರಕ್ಕೆ ಇಳಿಯುವುದಿಲ್ಲ, ಇಳಿದರೂ ಕರಾವಳಿಯುದ್ದಕ್ಕೂ ಕೆಂಪು ಸಿಹಿನೀರೇ. ತೊಟ್ಟಿಯಲ್ಲಿ ಇರುವ ನೀರನ್ನೇ ಮೂರು ತಿಂಗಳು ಸೋಸಿ ಸೋಸಿ ಬದುಕಿಸಬೇಕು. ಜುಲೈ ದಾಟಿತು. ಆಗಸ್ಟಿನ ಒಂದು ಭಾನುವಾರ ಹೆಲನಳನ್ನು ನೋಡಲು ಬಜಪೆಯಿಂದ ಗಂಡಿನ ಕಡೆಯವರು ಬರುವುದೆಂದು ನಿಶ್ಚಯವಾಯಿತು. ಹುಡುಗ ಎಡ್ವಿನ್, ವಿಮಾನ ನಿಲ್ದಾಣದಲ್ಲಿ ಗುಮಾಸ್ತ. ಮಾತನಾಡುವ ಹಿರಿಯ ಅವನ ಸೋದರಮಾವ ಯೂಸ್ಟೇಸ್. ಭಾರೀ ತೂಕದ ಆಳು, ಭಾರೀ ತೂಕದ ಮಾತು. ಈ ಮೊದಲು ಎರಡು ಮನೆಗಳಲ್ಲಿ ಕಾಫಿ ಕುಡಿದು, ಕಾಫಿ ಸರಿಯಿಲ್ಲವೆಂದು ಸಂಬಂಧ ಬಿಟ್ಟವರೆಂದು ಸುದ್ದಿಯಿತ್ತು.

ಆ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಗಾಳಿಮಳೆಗೆ ಮಾವಿನಮರವೊಂದು ತಂತಿಯ ಮೇಲೆ ಮುರಿದುಬಿತ್ತು. ಕರೆಂಟು ಹೋಯಿತು. ಗಾಳಿಯಂತ್ರ ನಿಂತಿತು. ನೋಣಯ್ಯ ಅಲ್ಲೇ ಇದ್ದರು. ಗುಳ್ಳೆ ನಿಂತ ತೊಟ್ಟಿಯನ್ನು ನೋಡುತ್ತಿದ್ದ ಹಾಗೆ ಒಂದೊಂದೇ ಮೀನು ಮೇಲ್ಮೈಗೆ ಬಂದು ಬಾಯಿ ತೆರೆಯತೊಡಗಿತು. ಜಡ್ಜ್ ಸಾಹೇಬ್ರೂ ಪೀಠ ಬಿಟ್ಟು ಮೇಲೆ ಬಂದರು.

"ನನಗೆ ಬಾವಿಯ ತಳದಲ್ಲಿ ಉಸಿರು ಕಟ್ಟಿದ್ದು ನೆನಪಾಯ್ತು," ಎನ್ನುತ್ತಾರೆ ನೋಣಯ್ಯ. "ಮೇಲಿನಿಂದ ಯಾರಾದರೂ ಗಾಳಿ ಹಾಕ್ತಾರೋ ಅಂತ ನೋಡ್ತೇವೆ ನಾವು. ಅವು ಹಾಗೆ ನನ್ನನ್ನು ನೋಡ್ತಾ ಇದ್ದವು. ಇವು ಸತ್ತರೆ ಪೊರ್ಬುಗಳು ಇನ್ನೊಂದು ತರ್ತಾರೆ. ನನಗೆ ಇನ್ನೊಂದು ಕೆಲಸ ಎಲ್ಲಿ ಉಂಟು?"

ಪಕ್ಕದ ಗ್ಯಾರೇಜಿನಿಂದ ಲಾರಿಯ ಟ್ಯೂಬು, ಸೈಕಲ್ ಪಂಪು ಬಂದವು. ಟ್ಯೂಬಿಗೆ ಗಾಳಿ ತುಂಬಿಸಿ, ಅದರ ಬಾಯಿಗೆ ರಬ್ಬರು ನಳಿಗೆ ಸಿಕ್ಕಿಸಿ, ಬಟ್ಟೆಯ ಕ್ಲಿಪ್ಪಿನಿಂದ ಹದವಾಗಿ ಬಿಗಿದರು. ಆದರೆ ಟ್ಯೂಬಿನ ಗಾಳಿಗೆ ನೀರಿನ ಆಳಕ್ಕೆ ಇಳಿಯಲು ಬೇಕಾದ ಒತ್ತಡವಿಲ್ಲ. ನೋಣಯ್ಯ ಟ್ಯೂಬಿನ ಮೇಲೆ ಒಂದು ಹಲಗೆ ಇಟ್ಟು, "ಪೊರ್ಬುಳೆ, ಕೂತುಕೊಳ್ಳಿ," ಎಂದರು. ನೊರ್ಬರ್ಟ್ ಕುಳಿತರು. ಗುಳ್ಳೆ ಬಂತು! ಒಂದು ಸಲ ತುಂಬಿದರೆ ನಲವತ್ತು ನಿಮಿಷ. ಗಾಳಿ ಇಳಿದಂತೆ ಮತ್ತೆ ಪಂಪು ಒತ್ತಿ ತುಂಬಬೇಕು. ಮಧ್ಯಾಹ್ನದವರೆಗೆ ನೋಣಯ್ಯ, ನೊರ್ಬರ್ಟ್, ತೆರೆಸಾ ಪಂಪು ಒತ್ತಿದರು. ಅಪೊಲೋನಿಯಾ ಅಡುಗೆಮನೆಯಿಂದ ಹೊರಗೆ ಬಂದವರು ಬೈಯಲೆಂದೇ ಬಾಯಿ ತೆರೆದರು. ತೊಟ್ಟಿಯ ಕಡೆ ನೋಡಿ ಬಾಯಿ ಮುಚ್ಚಿ, ಸೀರೆ ಸೊಂಟಕ್ಕೆ ಸಿಕ್ಕಿಸಿ, ತಾವೂ ಪಂಪಿಗೆ ಕೈಹಚ್ಚಿದರು.

ನಾಲ್ಕು ಗಂಟೆಗೆ ಬಜಪೆಯವರ ಕಾರು ಬಂದೇಬಿಟ್ಟಿತು. ಒಳಗೆ ಬಂದವರಿಗೆ ಕಂಡ ದೃಶ್ಯ: ಮನೆಯ ಯಜಮಾನರು ಬನಿಯನ್ನಿನಲ್ಲಿ, ಬೆವರು ಸುರಿಸುತ್ತ, ಲಾರಿ ಟ್ಯೂಬಿನ ಮೇಲೆ ಕುಳಿತಿದ್ದಾರೆ. ಯಜಮಾನಿ ಸೈಕಲ್ ಪಂಪು ಹಿಡಿದಿದ್ದಾರೆ. ಹೆಲನ್ ಹೊಸ ಸೀರೆಯುಟ್ಟು ಗಡಿಯಾರ ನೋಡುತ್ತ ಗುಳ್ಳೆ ಎಣಿಸುತ್ತಿದ್ದಾಳೆ. ಅರ್ಧದಲ್ಲಿ ಬಿಟ್ಟರೆ ಲೆಕ್ಕ ತಪ್ಪುತ್ತದೆಂದು ತಲೆ ಎತ್ತಲೂ ಇಲ್ಲ. ಯೂಸ್ಟೇಸ್ ಬಾಗಿಲಲ್ಲೇ ನಿಂತರು.

"ಇದೆಂತ?"

ನೋಣಯ್ಯ ಮುಟ್ಟಾಳೆ ತೆಗೆದು ಹೇಳಿದರು. "ಪೊರ್ಬುಳೆ, ಮೀನಿಗೆ ಉಸಿರು ಕಟ್ಟಿದೆ. ಇವರ ತೂಕ ಸಾಲುವುದಿಲ್ಲ. ನಿಮ್ಮಂಥವರು ಒಬ್ಬರು ಬೇಕಿತ್ತು."

ಅಪೊಲೋನಿಯಾ ಕಣ್ಣು ಮುಚ್ಚಿ ಸಂತ ಅಂತೋನಿಯನ್ನು ಕರೆದರು. ಯೂಸ್ಟೇಸ್ ತೊಟ್ಟಿಯ ಬಳಿ ಹೋಗಿ ಬಗ್ಗಿ ನೋಡಿದರು. ಜಡ್ಜ್ ಸಾಹೇಬ್ರು ಬಾಯಿ ತೆರೆದು ಅವರನ್ನು ನೋಡಿದರು. ಇಬ್ಬರ ಗಲ್ಲ, ಹೊಟ್ಟೆ, ಗಾಂಭೀರ್ಯ ಎಲ್ಲ ಒಂದೇ ಅಚ್ಚು.

"ನಾನು ಎಂತ ಮಾಡ್ಬೇಕು?"

"ಕೂತರೆ ಸಾಕು."

ಯೂಸ್ಟೇಸ್ ಕೋಟು ತೆಗೆದು ಕುಳಿತರು. ಗುಳ್ಳೆ ಸರಸರನೆ ಏರಿತು. ಹೆಲನ್ ನೂರಾ ಐವತ್ತೆಂದು ಕೂಗಿದಳು. ಮೂರು ಗಂಟೆ ಅವರು ಏಳಲಿಲ್ಲ. ಕಾಫಿ ಅಲ್ಲಿಗೇ ಹೋಯಿತು, ತಿಂಡಿ ಅಲ್ಲಿಗೇ ಹೋಯಿತು. ಹುಡುಗಿಗೆ ಕೇಳಬೇಕಾದ ಪ್ರಶ್ನೆಗಳನ್ನೂ ಅಲ್ಲಿಂದಲೇ ಕೇಳಿದರು. ಗಾಳಿ ಕಡಿಮೆಯಾದಂತೆ ಅವರು ಮೆಲ್ಲಮೆಲ್ಲನೆ ನೆಲಕ್ಕಿಳಿಯುತ್ತಿದ್ದರು, ಪ್ರಶ್ನೆಯ ಜೋರೂ ಇಳಿಯುತ್ತಿತ್ತು. ಪಂಪು ಒತ್ತಿದರೆ ಮಾವ ಮತ್ತೆ ಮೇಲೇರುತ್ತಿದ್ದರು. ಪಂಪು ಒತ್ತುತ್ತಿದ್ದವನು ಎಡ್ವಿನ್. ಕ್ಲಿಪ್ಪು ಎಷ್ಟು ಬಿಗಿಯಬೇಕೆಂದು ಹೆಲನ್ ಅವನಿಗೆ ಮೂರು ಸಲ ತೋರಿಸಿಕೊಟ್ಟಳು. ಒಂದೇ ಸಲಕ್ಕೆ ಗೊತ್ತಾಗುವ ಕೆಲಸ ಅದು, ಎನ್ನುತ್ತಾರೆ ನೋಣಯ್ಯ.

ಕರೆಂಟು ಬಂದದ್ದು ಮರುದಿನ ಮಧ್ಯಾಹ್ನ. ಇಪ್ಪತ್ತಾರು ಗಂಟೆ. ಬಜಪೆಯವರು ಹೋದ ಮೇಲೆ ಅಕ್ಕಪಕ್ಕದ ಮನೆಯವರು ಪಾಳಿ ಹಿಡಿದು ಕೂತರು. ಹದಿನಾಲ್ಕರಲ್ಲಿ ಎರಡು ಬೆಳ್ಳಿಮೀನು ಸತ್ತವು, ಹನ್ನೆರಡು ಉಳಿದವು. ಸತ್ತ ಎರಡನ್ನು ನೋಣಯ್ಯ ತೆಂಗಿನ ಬುಡದಲ್ಲಿ ಹೂತರು. ಆ ಎರಡರ ಮಾತು ಬಂದರೆ ಈಗಲೂ ಅವರು ಬೇರೆ ಕಡೆ ನೋಡುತ್ತಾರೆ. ನವೆಂಬರಿನಲ್ಲಿ ಹೆಲನ್–ಎಡ್ವಿನ್ ಮದುವೆ ನಡೆಯಿತು. ಯೂಸ್ಟೇಸ್ ಊರೆಲ್ಲ ಹೇಳಿಕೊಂಡು ಬಂದರು, "ಎಷ್ಟೋ ಮನೆಯಲ್ಲಿ ಕೂತಿದ್ದೇನೆ. ಕೂತದ್ದಕ್ಕೆ ಉಪಯೋಗ ಆದದ್ದು ಇದೊಂದೇ ಮನೆಯಲ್ಲಿ."

ಆ ಮೇಲೆ ಸಿಕ್ವೇರಾ ಅವರ ತೊಟ್ಟಿ ಊರಿಗೆ ಪ್ರಸಿದ್ಧವಾಯಿತು. ಶಾಲೆಯ ಮಕ್ಕಳು, ವಕೀಲರು, ಕಾಫಿ ತೋಟದವರು ಬಂದು ನೋಡಿದರು. ನೋಡಿದವರೊಬ್ಬರು 'ಬೊಂಬಾಯಿಯ ಇಂಜಿನಿಯರರ ಕೈ ಚಳಕ' ಎಂದು ಹೊಗಳಿ ಕಾಗದ ಬರೆದರು. ನೊರ್ಬರ್ಟ್ ಅದನ್ನು ಹರಿದುಹಾಕಿ, ಬಂದವರಿಗೆಲ್ಲ "ಇದು ನಮ್ಮ ನೋಣಯ್ಯನದ್ದು" ಎನ್ನುತ್ತಾರೆ. ಬಂದವರು ತಲೆಯಾಡಿಸಿ ಪರದೆಯ ಕಡೆಗೆ ನೋಡದೆಯೇ ಮೀನನ್ನು ನೋಡುತ್ತಾರೆ. ಒಮ್ಮೆ ಒಬ್ಬ ಹೆಂಗಸು ಪರದೆಯ ಹಿಂದಿನಿಂದ ಬಂದ ನೋಣಯ್ಯನ ಕೈಗೆ ಒದ್ದೆ ಕೊಡೆ ಕೊಟ್ಟು, ಆಚೆ ಇಡು ಎಂದರಂತೆ. ಇಟ್ಟರು. "ಮಡಚಿ ಇಟ್ಟೆ," ಎನ್ನುತ್ತಾರೆ. "ಕೊಡೆ ಒಳ್ಳೆದಿತ್ತು."

ಈಗ ಅವರು ಊರಿನಲ್ಲಿ ಇನ್ನೆರಡು ತೊಟ್ಟಿಗಳನ್ನು ನೋಡಿಕೊಳ್ಳುತ್ತಾರೆ. ಒಂದು ಡಾಕ್ಟರರ ಮನೆಯದು, ಇನ್ನೊಂದು ಹೆಂಚಿನ ಕಾರ್ಖಾನೆಯವರದು. ಒಟ್ಟು ಹನ್ನೊಂದು ಭರಣಿ. ದಿನಕ್ಕೆ ಆರು ಮೈಲಿ ನಡಿಗೆ, ಗಿಡ್ಡ ಕಾಲಿನಲ್ಲಿ. ಮುದ್ದು ಬೀಡಿ ಬಿಟ್ಟಿಲ್ಲ, ಆದರೆ ಎಲೆ ಕತ್ತರಿಸಲು ಗಂಡನನ್ನು ಕರೆಯುವುದನ್ನು ಬಿಟ್ಟಿದ್ದಾರೆ. ಮೀನು ತಿನ್ನುತ್ತೀರಾ ಎಂದರೆ ನೋಣಯ್ಯ ನಾಚುತ್ತಾರೆ. "ತಿಂತೇನೆ. ಬಂಗುಡೆ, ಬೂತಾಯಿ. ಪರಿಚಯದವರನ್ನು ತಿನ್ನುವುದಿಲ್ಲ."

ಇಷ್ಟು ವರ್ಷದಲ್ಲಿ ಯಾರಾದರೂ ಹೊಗಳಿದ್ದು ನೆನಪಿದೆಯೇ ಎಂದರೆ ತೊಳೆಯಲು ಸೌಟನ್ನು ಕೈಗೆತ್ತಿಕೊಳ್ಳುತ್ತಾರೆ. ಆಮೇಲೆ ಹೋದ ಸೆಪ್ಟೆಂಬರಿನ ತೆನೆಹಬ್ಬದ ಮಾತು ತೆಗೆಯುತ್ತಾರೆ. ಅಪೊಲೋನಿಯಾ ಹಟ ಹಿಡಿದು ಮುದ್ದುವನ್ನು ಹಬ್ಬದೂಟಕ್ಕೆ ಕರೆಸಿದ್ದರು. ಗಂಡ ಏನು ಕೆಲಸ ಮಾಡುತ್ತಾರೆಂದು ಆಕೆ ಕಣ್ಣಾರೆ ಕಂಡದ್ದು ಅದೇ ಮೊದಲು. ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತರಂತೆ. ಸೆರಗಿನಿಂದ ಗಾಜು ಒರೆಸಿದರಂತೆ. ಮತ್ತೆ ಗಂಡನ ಕಡೆ ತಿರುಗಿ, ಯಾರಿಗೂ ಕೇಳಿಸದ ಹಾಗೆ ಕೇಳಿದರಂತೆ: "ಇವು ಎಂತ, ಹೀಗೆ ಗಾಳಿಯಲ್ಲಿ ನಿಂತಿವೆ? ನೀರು ಇನ್ನೂ ಹಾಕಲಿಲ್ಲವಾ?"

ನೋಣಯ್ಯ ಸೌಟು ತೊಳೆದು ಗೋಡೆಗೆ ಸಿಕ್ಕಿಸುತ್ತಾರೆ.

"ನೂರು ಕೊಡ ನೀರು ಉಂಟು ಸ್ವಾಮಿ ಅದರಲ್ಲಿ," ಎನ್ನುತ್ತಾರೆ. "ಒಂದು ಕೊಡವೂ ಅವಳ ಕಣ್ಣಿಗೆ ಬೀಳಲಿಲ್ಲ."